ಎರಡೂ ಕಡೆ ತಿದ್ದಿದ ತಪ್ಪು

ಫೆಬ್ರವರಿ 9

ಅಕ್ಕನಿಗೆ ನಮಸ್ಕಾರ.

ಎಲ್ಲರೂ ಕ್ಷೇಮ ಎಂದು ಶುರುಮಾಡೋಣವೆಂದರೆ ಕೈ ಏಳುತ್ತಿಲ್ಲ. ಕ್ಷೇಮವಾಗಿದ್ದಿದ್ದರೆ ನಾಲ್ಕು ವರ್ಷದ ಮೇಲೆ ನಿನಗೆ ಯಾಕೆ ಬರೆಯುತ್ತಿದ್ದೆ, ಹೇಳು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೆ ಹರಿಯುವ ಮೊದಲು ಒಂದು ಸಲ ಓದುತ್ತೀ ಅಂದುಕೊಂಡಿದ್ದೇನೆ.

ಅಪ್ಪನಿಗೆ ತಾನಾಗಿ ಉಸಿರಾಡಲು ಆಗುತ್ತಿಲ್ಲ. ಮಾಂಸಖಂಡಗಳು ಒಂದೊಂದಾಗಿ ಸೋಲುವ ರೋಗವಂತೆ. ಮೊದಲು ಕಾಲು, ಆಮೇಲೆ ಕೈ, ಈಗ ಎದೆ. ಗಾಳಿ ಮಳೆ ಎನ್ನದೆ ಕರೆಂಟಿನ ಕಂಬ ಹತ್ತುತ್ತಿದ್ದ ಲೈನ್‌ಮನ್ ಈಗ ಮೂಗಿಗೆ ಮುಖವಾಡ ಕಟ್ಟಿಕೊಂಡು ಮಂಚದಲ್ಲಿ ಮಲಗಿದ್ದಾರೆ. ತಲೆಯ ಪಕ್ಕದ ಯಂತ್ರ ಗಾಳಿ ತಳ್ಳಿದರೆ ಎದೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ತಲೆ ಮಾತ್ರ ಚುರುಕಾಗಿದೆ, ಕೋಪವೂ ಮೊದಲಿನಷ್ಟೇ ಇದೆ.

ಕಷ್ಟ ಇರುವುದು ಆ ಯಂತ್ರದ್ದು. ಗಾಳಿ ತಳ್ಳುವ ಮೋಟಾರನ್ನು ನಡೆಸುವ ಬೋರ್ಡು ಹಾಳಾಗುತ್ತಿದೆ. ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಆಗ ನಾನೋ ನಮ್ಮ ಮನೆಯವಳೋ ಓಡಿಬಂದು ರಬ್ಬರ್ ಚೀಲವನ್ನು ಕೈಯಲ್ಲಿ ಹಿಚುಕಿ ಗಾಳಿ ಕೊಡಬೇಕು. ಆ ಮಾದರಿ ತಯಾರಾಗುವುದು ಎಂದೋ ನಿಂತಿದೆ, ಬಿಡಿಭಾಗ ಸಿಗುವುದಿಲ್ಲ. ಆಸ್ಪತ್ರೆಯ ಯಂತ್ರಕ್ಕೆ ಸರದಿಯಲ್ಲಿ ಹೆಸರು ಬರೆಸಿದ್ದೇವೆ. ಸರದಿ ಬರುವ ತನಕ ಉಸಿರು ಕಾಯುತ್ತದೆಯೇ?

ಲಿಫ್ಟ್ ರಿಪೇರಿಯವನು ನಾನು, ಮೋಟಾರು ನನಗೆ ಹೊಸದಲ್ಲ. ಹೊಸ ಬೋರ್ಡಿನ ಚಿತ್ರವನ್ನು, ಎಲ್ಲರೂ ಸೇರಿ ಪುಕ್ಕಟೆ ಕಟ್ಟುವ ನಮ್ಮ ಓಪನ್ ಸೋರ್ಸ್ ಪ್ರೋಗ್ರಾಮಿನಲ್ಲಿ ಬರೆದು ಮುಗಿಸಿದ್ದೇನೆ. ಆದರೆ ಅದನ್ನು ನೇರವಾಗಿ ಅಪ್ಪನ ಮೇಲೆ ಪರೀಕ್ಷೆ ಮಾಡಲಾಗುತ್ತದೆಯೇ? ಮೊದಲು ಕಂಪ್ಯೂಟರಿನಲ್ಲಿ ಕರೆಂಟ್ ಹರಿಸಿ ನೋಡಬೇಕು. ಅದಕ್ಕೆ ನಿನ್ನ ಸಿಮ್ಯುಲೇಟರ್ ಬೇಕು. ನನ್ನ ಚಿತ್ರವನ್ನು ಕೊಟ್ಟರೆ ಅದು ಬಾಯಿಯನ್ನೇ ತೆರೆಯುತ್ತಿಲ್ಲ. ಎರಡಕ್ಕೂ ನಡುವಿನ ಸೇತುವೆ ಪ್ರೋಗ್ರಾಂ ಬರೆದವಳು ನೀನು, ಅರ್ಧಕ್ಕೆ ಬಿಟ್ಟವಳೂ ನೀನೇ.

ಅಪ್ಪನಿಗೆ ಈ ಕಾಗದದ ವಿಷಯ ಗೊತ್ತಿಲ್ಲ.

ನಿನ್ನ ತಮ್ಮ,
ಮೊದ್ದು


ಫೆಬ್ರವರಿ 21

ಮೊದ್ದು,

ಹರಿಯಲಿಲ್ಲ. ಎರಡು ದಿನ ಮೇಜಿನ ಮೇಲಿಟ್ಟು ಅದರ ಸುತ್ತ ಓಡಾಡಿದೆ ಅಷ್ಟೆ.

ಸೇತುವೆಯನ್ನು ಅರ್ಧಕ್ಕೆ ಬಿಟ್ಟೆ ಅನ್ನುತ್ತೀಯಲ್ಲ, ಯಾಕೆ ಬಿಟ್ಟೆ ಎಂದು ಯಾವತ್ತಾದರೂ ಕೇಳಿದ್ದೀಯಾ? ನಿಮ್ಮ ಚಿತ್ರದ ಪ್ರೋಗ್ರಾಮಿನವರಿಗೂ ಸಿಮ್ಯುಲೇಟರ್ ಬರೆಯುವ ನಮ್ಮ ಲೆಕ್ಕದವರಿಗೂ ಎಣ್ಣೆ ಸೀಗೆಕಾಯಿ. 'ನೀವು ಬದಲಾಯಿಸಿ' ಅಂತ ಅವರು, 'ನೀವೇ ಬದಲಾಯಿಸಿ' ಅಂತ ಇವರು. ಸಂಬಳವಿಲ್ಲದ ಕೆಲಸ, ಮೇಲಿಂದ ಬೈಗುಳ. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಇಡೀ ದಿನ ಹುಡುಗರಿಗೆ ಮೀಟರ್ ಹಿಡಿಯುವುದು ಹೇಳಿಕೊಟ್ಟು ಮನೆಗೆ ಬಂದು ಅದನ್ನೂ ಕೇಳಿಸಿಕೊಳ್ಳಬೇಕಿತ್ತು. ಸಾಕಪ್ಪಾ ಸಾಕು ಅನ್ನಿಸಿತು.

ಆದರೂ ಮಾಡುತ್ತೇನೆ. ನಿನ್ನ ಅಪ್ಪನಿಗೋಸ್ಕರ ಅಂತ ತಿಳಿಯಬೇಡ. ಚೀಲ ಹಿಚುಕುವ ನಿಮ್ಮಿಬ್ಬರ ಕೈಗೋಸ್ಕರ.

ಒಂದು ಷರತ್ತು. ಕಡತಗಳನ್ನು ಇಂಟರ್ನೆಟ್ಟಿನಲ್ಲಿ ಹಾಕು, ತೆಗೆದುಕೊಳ್ಳುತ್ತೇನೆ. ಮಾತು ಮಾತ್ರ ಕಾಗದದಲ್ಲಿ. ಫೋನ್ ಮಾಡಬೇಡ. ನಿನ್ನ ದನಿಯ ಹಿಂದೆ ಆ ಯಂತ್ರದ ಸದ್ದು ಕೇಳಿಸುತ್ತದೆ. ನನ್ನಿಂದ ಆಗುವುದಿಲ್ಲ.

ಅಕ್ಕ


ಮಾರ್ಚ್ 6

ಅಕ್ಕಾ,

ನಿನ್ನ ಸೇತುವೆಗೆ ಜೀವ ಬಂದಿದೆ! ನನ್ನ ಚಿತ್ರ ನಿನ್ನ ಸಿಮ್ಯುಲೇಟರಿನೊಳಗೆ ಹೋಯಿತು. ಇವಳನ್ನು ಹೊಲಿಗೆ ಮಿಷನ್ನಿನ ಮುಂದಿನಿಂದ ಎಬ್ಬಿಸಿ ಕರೆತಂದು ತೋರಿಸಿದೆ. "ಇದೇನ್ರೀ, ಬರೀ ಗೆರೆ" ಅಂದಳು.

ಬರೀ ಗೆರೆಯೇ. ಮೋಟಾರು ತಿರುಗಿದರೆ ಅದು ಏರಿಳಿಯಬೇಕಿತ್ತು, ಚಪ್ಪಟೆಯಾಗಿ ಮಲಗಿದೆ. ಕರೆಂಟ್ ಮೋಟಾರಿಗೆ ಹೋಗುವ ಬದಲು ಹೋಗಬಾರದ ದಾರಿ ಹಿಡಿದು ಚಿಪ್ಪನ್ನು ಸುಡುತ್ತಿದೆ. ಕಂಪ್ಯೂಟರಿನಲ್ಲಿ ಸುಟ್ಟಿತು, ಸದ್ಯ. ನಾನು ನನ್ನ ಕಡೆಯೆಲ್ಲ ಮತ್ತೆ ನೋಡುತ್ತೇನೆ, ನೀನು ನಿನ್ನ ಕಡೆ ನೋಡು.

ಯಂತ್ರ ಈಗ ದಿನಾ ನಿಲ್ಲುತ್ತಿದೆ. ನಿನ್ನೆ ನಾನು ಲಿಫ್ಟಿನ ಗುಂಡಿಯೊಳಗೆ ಇಳಿದಿದ್ದೆ, ಫೋನ್ ಸಿಗುವುದಿಲ್ಲ. ಇವಳು ಒಬ್ಬಳೇ ಚೀಲ ಹಿಚುಕಿದ್ದಾಳೆ. ಮನೆಗೆ ಬಂದಾಗ ಬೆರಳು ಬಿಡಿಸಲು ಆಗದೆ ಕೂತಿದ್ದಳು. ಬಿಸಿನೀರಿನಲ್ಲಿ ಇಟ್ಟು ಒಂದೊಂದೇ ಬೆರಳು ಬಿಡಿಸಿದೆ. ಅಪ್ಪ ಅದನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ತಿರುಗಿಸಲು ಬರುವುದು ಈಗ ಅದೊಂದೇ.

ಡಾಕ್ಟರಿಗೆ ಬೋರ್ಡಿನ ವಿಷಯ ಹೇಳಿದೆ. "ನೀವು ಹೇಳಲಿಲ್ಲ, ನಾನು ಕೇಳಲಿಲ್ಲ" ಅಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ "ಯಾವಾಗ ರೆಡಿಯಾಗುತ್ತೆ?" ಅಂತ ಕೇಳಿದರು.

ನಿನ್ನ,
ಮೊದ್ದು


ಮಾರ್ಚ್ 19

ತಮ್ಮನಿಗೆ,

ನನ್ನ ಕಡೆ ಎಲ್ಲ ಸರಿಯಾಗಿದೆ. ನೀನು ಮೊನ್ನೆ ಕಳಿಸಿದ ಚಿತ್ರವನ್ನೂ ಓಡಿಸಿ ನೋಡಿದೆ. ಮೋಟಾರು ಅಲ್ಲಾಡುವುದಿಲ್ಲ, ಅದೇ ಕರೆಂಟು, ಅದೇ ದಾರಿ. ನಿನ್ನ ಚಿತ್ರದಲ್ಲೇ ಏನೋ ಎಡವಟ್ಟಿದೆ. ಭೂತಗನ್ನಡಿ ಹಿಡಿದು ನೋಡು.

ನಿನ್ನ ಹೆಂಡತಿಯ ಬೆರಳಿನ ವಿಷಯ ಓದಿದ ದಿನ ಲ್ಯಾಬಿನಲ್ಲಿ ಒಬ್ಬ ಹುಡುಗನನ್ನು ಸುಮ್ಮಸುಮ್ಮನೆ ಬೈದೆ. ಕೈಗೆ ಏನಾದರೂ ಹಚ್ಚಿಕೊಳ್ಳಲು ಹೇಳು.

ಮುಖ ತಿರುಗಿಸಿಕೊಂಡರು ಅಂತ ಬರೆದಿದ್ದೀಯ. ಆ ಮನುಷ್ಯನಿಗೆ ಅದು ಹೊಸದಲ್ಲ. ಅಮ್ಮ ಆಸ್ಪತ್ರೆಯಲ್ಲಿ ಒಂದು ತಿಂಗಳು ಮಲಗಿದ್ದಳು. ನಾನು ವಾರಕ್ಕೊಂದು ಸಲ ಫೋನ್ ಮಾಡುತ್ತಿದ್ದೆ, "ಅಮ್ಮ ಮಲಗಿದಾಳೆ, ಆಮೇಲೆ ಮಾಡು" ಅನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ತಿಳಿಸಿದರು. ಮನೆಗೆ ಬಂದಾಗ ಮಂಚದ ಮೇಲೆ ಹಾಸಿಗೆಯೂ ಇರಲಿಲ್ಲ. "ನಿನಗ್ಯಾಕೆ ತೊಂದರೆ ಅಂತ ಹೇಳ್ಲಿಲ್ಲ" ಅಂದರು. ತೊಂದರೆಯಂತೆ! ನನ್ನ ಅಮ್ಮ ನನಗೆ ತೊಂದರೆಯಂತೆ. ನೀನೂ ಪಕ್ಕದಲ್ಲೇ ನಿಂತಿದ್ದೆ, ಬಾಯಿಗೆ ಬೀಗ ಹಾಕಿಕೊಂಡು.

ಇದನ್ನೆಲ್ಲ ಬರೆಯಬಾರದು ಅಂದುಕೊಂಡಿದ್ದೆ. ಚಿತ್ರ ನೋಡು.

ಅಕ್ಕ


ಏಪ್ರಿಲ್ 5

ಅಕ್ಕಾ,

ನನ್ನ ಚಿತ್ರದಲ್ಲಿ ತಪ್ಪಿಲ್ಲ. ಒಂದೊಂದು ತಂತಿಯ ಮೇಲೂ ಬೆರಳಿಟ್ಟು ನೋಡಿದ್ದೇನೆ. ನಿನ್ನ ಸೇತುವೆಯಲ್ಲಿ ತಪ್ಪಿಲ್ಲ ಅಂತ ನೀನು. ಹಾಗಾದರೆ ತಪ್ಪು ಎಲ್ಲಿಂದ ಬಂತು, ಆಕಾಶದಿಂದ ಉದುರಿತೇ?

ನಿಮ್ಮ ಲೆಕ್ಕದವರಿಗೆ ಬರೆದು ಕೇಳಿದೆ. "ನಿಮ್ಮ ಚಿತ್ರದ ಪ್ರೋಗ್ರಾಮಿನ ಸಮಸ್ಯೆ" ಅಂದರು. ನಮ್ಮವರನ್ನು ಕೇಳಿದೆ. "ಅವರ ಸಿಮ್ಯುಲೇಟರಿನ ಸಮಸ್ಯೆ" ಅಂದರು. ಯಾರೋ ಒಬ್ಬ "ಇಷ್ಟು ಅವಸರವಿದ್ದರೆ ದುಡ್ಡು ಕೊಟ್ಟು ಒಳ್ಳೆಯ ಸಾಫ್ಟ್‌ವೇರ್ ಕೊಳ್ಳಿ" ಅಂತ ಬುದ್ಧಿ ಹೇಳಿದ. ಅವನು ಕೈಗೆ ಸಿಕ್ಕಿದ್ದರೆ ಚೀಲ ಕೊಟ್ಟು ಅಪ್ಪನ ಪಕ್ಕ ಕೂರಿಸುತ್ತಿದ್ದೆ.

ಅಮ್ಮನ ವಿಷಯವನ್ನು ಅವತ್ತೇ ನಿನಗೆ ಹೇಳಬೇಕಿತ್ತು, ಹೇಳಲಿಲ್ಲ.

ಈಗ ಹೇಳುವುದನ್ನು ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಯಂತ್ರ ದಿನಕ್ಕೆ ನಾಲ್ಕೈದು ಸಲ ನಿಲ್ಲುತ್ತಿದೆ. ನಾನು ಕೆಲಸಕ್ಕೆ ರಜೆ ಹಾಕಿದ್ದೇನೆ. ಪಕ್ಕದ ಮನೆಯ ಮೇಷ್ಟ್ರೂ ಬಂದು ಚೀಲ ಹಿಚುಕುತ್ತಾರೆ. ಅಪ್ಪನ ತುಟಿ ನಿನ್ನೆ ನೀಲಿಯಾಗಿತ್ತು. ಸರಿಹೋದ ಮೇಲೆ ನನ್ನನ್ನು ಹತ್ತಿರ ಕರೆದು ಒಂದು ಉಸಿರಿಗೆ ಒಂದು ಮಾತಿನ ಹಾಗೆ ಹೇಳಿದರು: "ಇನ್ನು... ಸಾಕು... ಬಿಡೋ." ನನಗೆ ಎಲ್ಲಿತ್ತೋ ಸಿಟ್ಟು. "ನೀವು ಸುಮ್ನೆ ಮಲಕ್ಕೊಳ್ಳಿ, ನಿಮ್ಮನ್ನ ಯಾರು ಕೇಳಿದ್ರು" ಅಂತ ಕಿರುಚಿಬಿಟ್ಟೆ. ಸಾಯುವವರ ಮೇಲೆ ಕಿರುಚುವ ಸ್ಥಿತಿಗೆ ಬಂದಿದ್ದೇನೆ ನೋಡು.

ಏನಾದರೂ ಮಾಡೇ ಅಕ್ಕಾ. ಕಾಲು ಹಿಡಿಯುತ್ತೇನೆ.

ಮೊದ್ದು


ಏಪ್ರಿಲ್ 14

ತಮ್ಮನಿಗೆ,

ಸಿಕ್ಕಿಲ್ಲ. ಸೇತುವೆಯ ಒಂದೊಂದು ಸಾಲನ್ನೂ ಜೋರಾಗಿ ಓದಿದೆ. ಗೆರೆ ಚಪ್ಪಟೆಯಾಗಿಯೇ ಇದೆ. ಕಣ್ಣು ಮುಚ್ಚಿದರೂ ಅದೇ ಗೆರೆ. ತಲೆ ಕೆಟ್ಟು ಗೊಬ್ಬರವಾಗಿದೆ.

ಬೇರೆ ಬರೆಯಲು ಏನೂ ಇಲ್ಲ.

ಅಕ್ಕ


ಏಪ್ರಿಲ್ 23

ಅಕ್ಕಾ,

ಇನ್ನು ಕಾಯಲು ಆಗುವುದಿಲ್ಲ. ಬೋರ್ಡನ್ನು ಹಾಗೇ ಮಾಡಿಸಲು ಕೊಡುತ್ತೇನೆ, ಆದದ್ದಾಗಲಿ. ಸಿಮ್ಯುಲೇಟರ್ ಸುಳ್ಳು ಹೇಳುತ್ತಿದೆ ಅಂದುಕೊಂಡು ಕಣ್ಣುಮುಚ್ಚಿ ಸ್ವಿಚ್ ಹಾಕುತ್ತೇನೆ. ಹಾಕದಿದ್ದರೂ ಹೋಗುತ್ತಾರೆ. ಈ ಕಾಗದ ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಚೀಲ ಹಿಡಿದು ಬಂದೆ.

ಮೊದ್ದು


ಏಪ್ರಿಲ್ 29

ಮೊದ್ದು, ನನ್ನ ಮೊದ್ದುಮಣಿ,

ಬೋರ್ಡು ಮಾಡಿಸಬೇಡ ಅಂತ ಕಡತದ ಜೊತೆ ಒಂದು ಸಾಲು ಬರೆದು ಹಾಕಿದ್ದೇನೆ, ನೋಡಿರುತ್ತೀ. ನೋಡಿರಲೇಬೇಕು. ಯಾಕೆ ಅಂತ ಈಗ ಹೇಳುತ್ತೇನೆ.

ನಿನ್ನ ಕಾಗದ ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಡ್ರಾಯರಿನಲ್ಲಿ ನೀನು ಹಾಕಿರುವಂಥದೇ ಒಂದು ಟ್ರಾನ್ಸಿಸ್ಟರ್ ಇತ್ತು. ಮೋಟಾರಿಗೆ ಕರೆಂಟ್ ಬಿಡುವ ಆ ಮೂರು ಕಾಲಿನದು. ಮನೆಗೆ ತಂದು, ಪರದೆಯ ಮೇಲಿನ ನಿನ್ನ ಚಿತ್ರದ ಪಕ್ಕ ಹಿಡಿದು, ಉಗುರಿನಿಂದ ಕಾಲು ಎಣಿಸಿದೆ. ಇದರಲ್ಲಿ ಮೊದಲನೆಯದು ಅಪ್ಪಣೆ ಕೊಡುವ ಕಾಲು, ಎರಡನೆಯದು ಮೋಟಾರಿನ ಕಾಲು. ನಿಮ್ಮ ಪ್ರೋಗ್ರಾಂ ಹೀಗೇ ಎಣಿಸುತ್ತದೆ. ನಮ್ಮ ಸಿಮ್ಯುಲೇಟರಿಗೆ ಮೊದಲು ಮೋಟಾರಿನ ಕಾಲು ಬೇಕು, ಆಮೇಲೆ ಅಪ್ಪಣೆಯದು. ನಿಮ್ಮವರೂ ನಮ್ಮವರೂ ವರ್ಷಗಟ್ಟಲೆ ಕಿತ್ತಾಡಿದ್ದು ಇದಕ್ಕೇ, ಯಾರು ಬದಲಾಯಿಸಬೇಕು ಅಂತ.

ನಿನ್ನ ಈಗಿನ ಚಿತ್ರದಲ್ಲಿ ಆ ಎರಡು ಕಾಲು ಅದಲುಬದಲಾಗಿವೆ. ಮೊದಲು ಕಳಿಸಿದ ಚಿತ್ರದಲ್ಲಿ ಹಾಗಿರಲಿಲ್ಲ. ಅಂದರೆ ಮಾರ್ಚಿನಲ್ಲಿ ಮೊದಲ ಸಲ ಕೆಟ್ಟಾಗಲೇ ನಿನಗೆ ಇದು ಹೊಳೆದಿದೆ. 'ಅಕ್ಕನಿಗೆ ಯಾಕೆ ತೊಂದರೆ' ಅಂತ ನನ್ನ ಸಿಮ್ಯುಲೇಟರಿಗೆ ಹೊಂದುವ ಹಾಗೆ ನಿನ್ನ ಚಿತ್ರವನ್ನೇ ತಿರುಗಿಸಿಬಿಟ್ಟೆ. ಹೌದಾ ಅಲ್ಲವಾ?

ಈಗ ನನ್ನದನ್ನು ಕೇಳು. ಅದೇ ವಾರ ನನಗೂ ಅದೇ ಹೊಳೆಯಿತು. 'ಅವನಿಗೆ ಇರುವ ಕಷ್ಟವೇ ಸಾಕು' ಅಂತ ಸೇತುವೆಯಲ್ಲಿ ನಾನೂ ಅದೇ ಎರಡು ಕಾಲನ್ನು ತಿರುಗಿಸಿದೆ. ನಿನಗೆ ಹೇಳಲಿಲ್ಲ. ನೀನು ಒಂದು ಸಲ, ನಾನು ಒಂದು ಸಲ. ಎರಡು ಸಲ ತಿರುಗಿ ಮೊದಲು ಎಲ್ಲಿತ್ತೋ ಅಲ್ಲಿಗೇ ಬಂತು. ಇಬ್ಬರೂ 'ನನ್ನ ಕಡೆ ಸರಿಯಿದೆ' ಅಂತ ಪ್ರಮಾಣ ಮಾಡುತ್ತಾ ಕೂತೆವು. ಅಲ್ಲಿ ಅಪ್ಪನ ತುಟಿ ನೀಲಿಯಾಗುತ್ತಿತ್ತು.

ನಾನು ನನ್ನದನ್ನು ತೆಗೆದರೂ ಗೆರೆ ಏರಿಳಿಯುತ್ತದೆ, ಕಂಪ್ಯೂಟರಿನಲ್ಲಿ ಎಲ್ಲ ಸರಿ ಕಾಣುತ್ತದೆ. ಆದರೆ ಬೋರ್ಡು ತಯಾರಾಗುವುದು ನಿನ್ನ ಚಿತ್ರದಿಂದ. ನಿಜವಾದ ಕಾಲುಗಳು ತಪ್ಪು ತೂತಿಗೆ ಹೋಗುತ್ತವೆ, ಸ್ವಿಚ್ ಹಾಕಿದ ತಕ್ಷಣ ಹೊಗೆ. ಅದಕ್ಕೇ ನೀನು ನಿನ್ನದನ್ನು ಮೊದಲಿನ ಹಾಗೆ ಮಾಡು. ತಿರುಗಿಸುವುದು ನನ್ನ ಸೇತುವೆಯ ಕೆಲಸ, ಅದು ಮಾಡುತ್ತದೆ.

ಇಲ್ಲೇ ಓಡಿಸಿ ನೋಡಿದೆ. ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ನೋಡುತ್ತಾ ನೋಡುತ್ತಾ ಬಿಕ್ಕಿಬಿಕ್ಕಿ ಅತ್ತೆ ಕಣೋ. ನಾವು ಯಾರ ಮಕ್ಕಳು ಅಂತ ಗೊತ್ತಾಯಿತು. ಬೇಗ ಮಾಡಿಸು.

ನಿನ್ನ ಅಕ್ಕ


ಮೇ 24

ಅಕ್ಕಾ,

ತಿರುಗುತ್ತಿದೆ!

ನಿನ್ನ ಸಾಲು ನೋಡಿದಾಗ ನಾನು ಬೋರ್ಡು ಮಾಡುವವರ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಕಡತವನ್ನು ಅವರ ಕೈಯಿಂದ ವಾಪಸ್ ಕಿತ್ತುಕೊಂಡೆ. "ತಲೆ ಸರಿಯಿದೆಯೇನ್ರೀ?" ಅಂದರು.

ಹೌದು, ನಾನೇ ತಿರುಗಿಸಿದ್ದೆ. ನಿನಗೆ ಹೇಳಬೇಕು ಅನ್ನಿಸಲೇ ಇಲ್ಲ ಅಕ್ಕಾ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಮೊದಲು ಬೇರೊಂದು ಮೋಟಾರಿನ ಜೊತೆ ಖಾಲಿ ರಬ್ಬರ್ ಚೀಲಕ್ಕೆ ಕಟ್ಟಿ ಒಂದು ವಾರ ಓಡಿಸಿದೆವು. ಎಲ್ಲಿಯೂ ಬಿಸಿಯಾಗಲಿಲ್ಲ. ಆಮೇಲೆ ಇವಳು ರಬ್ಬರ್ ಚೀಲ ಹಿಡಿದು ಪಕ್ಕದಲ್ಲಿ ನಿಂತಳು, ನಾನು ಬೋರ್ಡನ್ನು ಅಪ್ಪನ ಯಂತ್ರಕ್ಕೆ ಹಾಕಿದೆ. ಡಾಕ್ಟರು ಯಾವುದೋ ನೆಪ ಹೇಳಿಕೊಂಡು ಬಂದು ಮೂಲೆಯಲ್ಲಿ ಕೂತಿದ್ದರು. ಎದೆ ಏರಿತು. ಇಡೀ ದಿನ ನಿಲ್ಲಲಿಲ್ಲ. ಮಾರನೆಯ ದಿನವೂ ನಿಲ್ಲಲಿಲ್ಲ. ಇವಳು ಮಂಚದ ಕಾಲಿಗೆ ಒರಗಿಕೊಂಡು ಹಾಗೇ ನಿದ್ದೆ ಹೋದಳು, ಬಾಯಿ ತೆರೆದುಕೊಂಡು.

ಅಪ್ಪ ಕೇಳಿದರು: "ಯಾರು... ಮಾಡಿದ್ದು?" "ನಾನು, ಅಕ್ಕ" ಅಂದೆ. ಬೈಯುತ್ತಾರೆ ಅಂತ ಕಾದೆ. "ಅವಳದು... ಊಟ... ಆಯ್ತಂತಾ?" ಅಂದರು. ಅಷ್ಟೇ. ದಿನಾ ಇದನ್ನೇ ಕೇಳುತ್ತಿದ್ದಾರೆ.

ಇನ್ನೊಂದು ವಿಷಯವನ್ನೂ ಹೇಳುತ್ತೇನೆ. ಉಸಿರು ಸರಿಹೋಯಿತು, ಹೃದಯ ಸೋತಿದೆಯಂತೆ. ಡಾಕ್ಟರು ಬಾಯಿಬಿಟ್ಟು ಹೇಳಿದ್ದು ಮೊನ್ನೆ. ಎಷ್ಟು ದಿನ ಅಂತ ಅವರಿಗೂ ಗೊತ್ತಿಲ್ಲ. "ಅವಳಿಗೆ... ಹೇಳ್ಬೇಡ" ಅಂದರು ಅಪ್ಪ. ನಾನು ಹೇಳುತ್ತಿದ್ದೇನೆ. ಬಾ.

ಮೊದ್ದು


ಜೂನ್ 4

ತಮ್ಮನಿಗೆ,

ಊಟ ಆಯಿತು ಅಂತ ಹೇಳು. ದಿನಾ ಹೊಟ್ಟೆ ತುಂಬ ಉಣ್ಣುತ್ತಾಳೆ ಅಂತ ಹೇಳು.

ಹದಿನೆಂಟಕ್ಕೆ ಹುಡುಗರ ಪರೀಕ್ಷೆ ಮುಗಿಯುತ್ತದೆ, ಹತ್ತೊಂಬತ್ತಕ್ಕೆ ಹೊರಡುತ್ತೇನೆ. ಪರೀಕ್ಷೆ ಒಂದು ನೆಪ. ಹೆದರಿಕೆ ಕಣೋ. ಬಂದು ಏನು ಮಾತಾಡಲಿ? ನಾಲ್ಕು ವರ್ಷ ಕನ್ನಡಿಯ ಮುಂದೆ ನಿಂತು ಅಪ್ಪನನ್ನು ಬೈದಿದ್ದೇನೆ, ಒಂದೊಂದು ಮಾತೂ ಬಾಯಿಪಾಠ. ಈಗ ಒಂದೂ ನೆನಪಿಗೆ ಬರುತ್ತಿಲ್ಲ.

ಏನಾದರೂ ಏರುಪೇರಾದರೆ ಫೋನ್ ಮಾಡು. ಹಿಂದೆ ಯಂತ್ರದ ಸದ್ದು ಕೇಳಿದರೆ ಕೇಳಲಿ.

ಅಕ್ಕ


ಜೂನ್ 16

ಅಕ್ಕಾ,

ಬಾಗಿಲ ಹೊರಗೇ ನಿಂತು ಇದನ್ನು ಓದು. ನಿನ್ನ ಕೈಗೇ ಕೊಡಬೇಕು ಅಂತ ಇವಳಿಗೆ ಹೇಳಿ ಮೆಟ್ಟಿಲ ಮೇಲೆ ಕೂರಿಸಿದ್ದೇನೆ. ನಿನ್ನ ಮುಖ ನೋಡಿದರೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ನಿನಗೆ ಫೋನ್ ಮಾಡಿ "ಈಗಲೇ ಹೊರಡು" ಅಂದಾಗ ಅಪ್ಪ ಇದ್ದರು. ಕಣ್ಣು ತೆರೆದಿದ್ದರು. "ಅಕ್ಕ ಬಸ್ ಹತ್ತಿದಳು" ಅಂದೆ, ಕೇಳಿಸಿತು. ಹುಬ್ಬು ಮೇಲೆತ್ತಿದರು. ಮಧ್ಯಾಹ್ನ ಹೃದಯ ನಿಂತಿತು. ನೋವು ಇದ್ದ ಹಾಗೆ ಕಾಣಲಿಲ್ಲ. ನಾನು ಕೈ ಹಿಡಿದುಕೊಂಡೇ ಇದ್ದೆ. ಆಮೇಲೆ ನಿನಗೆ ಎಷ್ಟು ಸಲ ಮಾಡಿದೆನೋ, ನಿನ್ನ ಫೋನ್ ಸಿಗಲಿಲ್ಲ.

ಒಳಗೆ ಬಂದರೆ ಅಪ್ಪನ ಎದೆ ಏರಿಳಿಯುವುದು ಕಾಣುತ್ತದೆ. 'ಸದ್ಯ, ಇದ್ದಾರೆ' ಅಂದುಕೊಂಡು ಓಡಿಬರಬೇಡ. ಅದು ನಮ್ಮ ಬೋರ್ಡು. ಅಪ್ಪ ಇಲ್ಲ ಅಕ್ಕಾ. ಇದನ್ನು ನಿನಗೆ ಮೊದಲೇ ಹೇಳಬೇಕಿತ್ತು, ಹೇಳಿದ್ದೇನೆ.

ಡಾಕ್ಟರು ಬಂದು ನೋಡಿ, "ಇನ್ನು ಆಫ್ ಮಾಡಿ" ಅಂದರು. "ಅಕ್ಕ ಬರಬೇಕು" ಅಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಮೇಷ್ಟ್ರೂ ಬಂದು ಬುದ್ಧಿ ಹೇಳಿದರು. ಯಾರು ಏನೇ ಅಂದರೂ ನಾನು ಕೇಳಲಿಲ್ಲ. ಎರಡು ಸಲ ಸ್ವಿಚ್ಚಿನ ಮೇಲೆ ಕೈ ಇಟ್ಟೆ, ಎರಡು ಸಲವೂ ತೆಗೆದೆ. ಎಲ್ಲ ಮುಗಿಸಿಟ್ಟು ನಿನ್ನನ್ನು ಬರಮಾಡಿಕೊಳ್ಳಲು ನನ್ನಿಂದಾಗದು.

ಮಂಚದ ಬಲಗಡೆ ಜಾಗ ಬಿಟ್ಟಿದ್ದೇನೆ, ಬಂದು ಕೂತುಕೋ. ಎಷ್ಟು ಹೊತ್ತು ಬೇಕಾದರೂ ಕೂತಿರು, ಬೈಯುವುದಿದ್ದರೆ ಬೈ, ಯಾರೂ ಅವಸರ ಮಾಡುವುದಿಲ್ಲ. ಆಮೇಲೆ ನೀನು ಹೇಳಿದಾಗ ಇಬ್ಬರೂ ಸೇರಿ ಯಂತ್ರ ಆರಿಸೋಣ.

ನಿನ್ನ ತಮ್ಮ